ಮುಳುಗುವವನ ಕಿಸೆ

ಮನೆಯಿಂದ ಹೊರಡುವ ಮೊದಲು ಬಾಗಿಲಲ್ಲಿ ನಿಂತು ಮೈಯನ್ನೆಲ್ಲ ಒಂದು ಸುತ್ತು ತಟ್ಟಿಕೊಳ್ಳುವುದು ನನ್ನ ಅಭ್ಯಾಸ. ಅಂಗಿಯ ಎಡಗಿಸೆಯಲ್ಲಿ ಕನ್ನಡಕ, ಬಲಗಿಸೆಯಲ್ಲಿ ನಶ್ಯದ ಡಬ್ಬಿ, ಪ್ಯಾಂಟಿನ ಒಂದು ಪಕ್ಕ ಬೀಗದ ಕೈ, ಇನ್ನೊಂದು ಪಕ್ಕ ಕರವಸ್ತ್ರ. ಎಲ್ಲ ಇದೆ ಎಂದು ಖಾತ್ರಿಯಾದ ಮೇಲೆ ಮೆಟ್ಟಿಲಿಳಿದು, ಅಂಗಳದಲ್ಲಿ ನಿಂತು ಮತ್ತೊಮ್ಮೆ ತಟ್ಟಿಕೊಳ್ಳುತ್ತೇನೆ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಇರುವೆ ಕಚ್ಚಿತೇ ಎಂದು ಕೇಳುತ್ತಿದ್ದಳು. ಈಗ ಕೇಳುವುದಿಲ್ಲ. ಕೊಡೆ ಊರಿ, ಬಸ್ಸು ಹೋದರೆ ಹೋಯಿತು ಎಂಬ ಮುಖದಲ್ಲಿ ಗೇಟಿನ ಹತ್ತಿರ ನಿಂತಿರುತ್ತಾಳೆ.

ಕಿಸೆಯ ವಿಷಯದಲ್ಲಿ ನಾನು ಚಿಕ್ಕಂದಿನಿಂದಲೂ ಸ್ವಲ್ಪ ದುರ್ಬಲ. ಶಾಲೆಗೆ ಹೋಗುವಾಗ ನನಗಿದ್ದದ್ದು ಒಂದೇ ಚಡ್ಡಿ, ಅದಕ್ಕೆ ಒಂದೇ ಕಿಸೆ, ಆ ಕಿಸೆಗೆ ಒಂದು ತೂತು. ತೂತಿನ ಅಳತೆ ನನಗೆ ಬಾಯಿಪಾಠವಾಗಿತ್ತು. ಗೋಲಿ ಬೀಳುತ್ತದೆ, ನೆಲ್ಲಿಕಾಯಿ ನಿಲ್ಲುತ್ತದೆ, ಬಳಪ ಅದರ ಮನಸ್ಸು. ಒಮ್ಮೆ ತೋಡಿನಲ್ಲಿ ಹಿಡಿದ ಏಡಿಯೊಂದನ್ನು ಅದರಲ್ಲಿ ಇಟ್ಟುಕೊಂಡು ಲೆಕ್ಕದ ಪಾಠಕ್ಕೆ ಕುಳಿತೆ. ಏಡಿ ತೂತಿನಿಂದ ಹೊರಗೆ ಹೋಗುವ ಬದಲು ಒಳಗೆ ಬಂತು. ಮೇಷ್ಟರು ಆಗ ಹದಿನೇಳರ ಮಗ್ಗಿ ಯಾರಿಗೆ ಬರುತ್ತದೆ ಎಂದು ಕೇಳುತ್ತಿದ್ದರು. ನಾನು ಕೂಗಿಕೊಂಡು ಎದ್ದು ನಿಂತದ್ದನ್ನು ಅವರು ಉತ್ಸಾಹವೆಂದು ತಿಳಿದರು. ಹದಿನೇಳೆಂಟಲ ನೂರಾಮೂವತ್ತಾರು ಎನ್ನುವವರೆಗೆ ತಡೆದುಕೊಂಡೆ. ಮುಂದಿನದು ಬೇಡ.

ನಾನು ಹೇಳಹೊರಟದ್ದು ಏಡಿಯ ವಿಷಯವಲ್ಲ, ಮುಳುಗುವ ವಿಷಯ.

ನನ್ನ ವಯಸ್ಸಿನ ಹುಡುಗರೆಲ್ಲ ಪಟ್ಟಾಳಕ್ಕೆ, ಅಂದರೆ ಸೈನ್ಯಕ್ಕೆ, ಸೇರಿದರು. ಕೊಡಗಿನಲ್ಲಿ ಅದು ಗಡ್ಡ ಬರುವಷ್ಟೇ ಸಹಜ. ನಾನು ಸಾಲು ತಪ್ಪಿ ನಿಂತೆನೋ ಏನೋ, ನೌಕಾಪಡೆಗೆ ಸೇರಿಬಿಟ್ಟೆ. ಹೊಳೆಯಲ್ಲಿ ಈಜಿ ಬೆಳೆದವನು ಎಂದು ಅಲ್ಲಿ ಯಾರೂ ಕೇಳದಿದ್ದರೂ ಹೇಳಿಕೊಂಡೆ. ಅದರ ಫಲವಾಗಿ ಕೊಚ್ಚಿಯಲ್ಲಿ ಹಡಗಿನ ಅಡಿ ನೋಡಿ ಬರುವ ಮುಳುಗುಗಾರರ ಗುಂಪಿಗೆ ಹಾಕಿದರು. ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರ್, ಮುಖಕ್ಕೆ ಗಾಜಿನ ಮುಸುಕು, ಕಾಲಿಗೆ ಬಾತುಕೋಳಿಯಂಥ ರಬ್ಬರ್ ಪಾದ. ತಣ್ಣೀರಿನ ದೇಶಗಳಲ್ಲಿ ಮುಳುಗುವವರು ಮೈತುಂಬ ದಪ್ಪ ರಬ್ಬರ್ ಅಂಗಿ ತೊಡುತ್ತಾರಂತೆ, ಸಣ್ಣಪುಟ್ಟ ಸಾಮಾನಿಗೆ ಅದರಲ್ಲಿ ಜಾಗ ಇರುತ್ತದಂತೆ. ಕೊಚ್ಚಿಯ ನೀರು ಬಚ್ಚಲ ಹಂಡೆಯ ನೀರಿನಂತೆ ಬೆಚ್ಚಗೆ. ಅಲ್ಲಿ ಚಡ್ಡಿಯೊಂದೇ ಸಾಕು. ಆದರೆ ಮುಳುಗುವವನಿಗೆ ಚಾಕು ಬೇಕು, ದಾರ ಬೇಕು, ಬರೆದು ತೋರಿಸಲು ಚಿಕ್ಕ ಸ್ಲೇಟು ಬೇಕು, ಮುಸುಕಿನ ಪಟ್ಟಿ ತುಂಡಾದರೆ ಇನ್ನೊಂದು ಪಟ್ಟಿ ಬೇಕು. ಇದನ್ನೆಲ್ಲ ಎಲ್ಲಿಡುವುದು?

ನಮಗೆ ಕಲಿಸುತ್ತಿದ್ದ ಉಸ್ತಾದರು ಉತ್ತರದ ಕಡೆಯವರು. ಅವರ ಪ್ರಕಾರ ಸಾಮಾನಿನಲ್ಲಿ ಎರಡೇ ಬಗೆ, ಬೇಕಾದದ್ದು ಮತ್ತು ಜೋತಾಡುವುದು. ಬೇಕಾದದ್ದು ಯಾವ ಕೈ ಚಾಚಿದರೂ ಸಿಗುವಂತಿರಬೇಕು. ಜೋತಾಡುವುದು ದಡದಲ್ಲಿರಬೇಕು. ನಾನು ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರೆದುಕೊಂಡದ್ದನ್ನು ನೆನಪಿಡಬೇಕಾಗಿಲ್ಲ ಎಂಬುದು ನನ್ನ ಅಂದಿನ ನಂಬಿಕೆ.

ಎರಡು ವರ್ಷ ತುಂಬುವಷ್ಟರಲ್ಲಿ, ನೆಗಡಿಯಿದ್ದಾಗ ಮುಳುಗಬೇಡ ಎಂದರೂ ಮುಳುಗಿ, ಎಡಗಿವಿಯ ತಮಟೆ ಹರಿದುಕೊಂಡೆ. ಗಾಯ ಮಾಯಿತು, ಕಿವಿ ಮಂದವಾಯಿತು, ಕೆಲಸ ಹೋಯಿತು. ಮುಸುಕು ಮತ್ತು ರಬ್ಬರ್ ಪಾದಗಳು ನನ್ನ ಸ್ವಂತದ್ದಾದ್ದರಿಂದ ಅವನ್ನು ಟ್ರಂಕಿನಲ್ಲಿ ಹಾಕಿಕೊಂಡು ಊರಿಗೆ ಬಂದೆ.

ಕೊಡಗು ಆಗ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮಡಿಕೇರಿಯ ಕಚೇರಿಗಳಲ್ಲಿ ಹಳೆಯ ಬೋರ್ಡು ಇಳಿಸಿ ಹೊಸ ಬೋರ್ಡು ಏರಿಸುತ್ತಿದ್ದರು. ಅರ್ಜಿಯನ್ನು ಇನ್ನು ಯಾರ ಹೆಸರಿಗೆ ಬರೆಯಬೇಕೆಂದು ಯಾರಿಗೂ ಸರಿಯಾಗಿ ತಿಳಿಯದೆ ಊರಿನಲ್ಲಿ ಎಲ್ಲರಿಗೂ ಸ್ವಲ್ಪ ಬಿಡುವಿತ್ತು. ಆ ಬಿಡುವಿನಲ್ಲಿ ನಾನು ಬಂದಿಳಿದೆ. ಭಾಗಮಂಡಲದಿಂದ ಕೆಳಗೆ, ಕಾವೇರಿಯ ದಡದ ನಮ್ಮೂರಿನಲ್ಲಿ ಮನೆಗೊಬ್ಬ ಹವಾಲ್ದಾರ, ಎರಡು ಮನೆಗೊಬ್ಬ ಜಮೇದಾರ. ಅವರ ನಡುವೆ ನೌಕಾಪಡೆಯವನು ನಾನೊಬ್ಬ. ಹತ್ತಿರದ ಎಸ್ಟೇಟಿನಲ್ಲಿ ರೈಟರ್ ಕೆಲಸ ಸಿಕ್ಕಿತು. ಬೆಳಗ್ಗೆ ಲೈನಿನ ಆಳುಗಳ ಹಾಜರಿ ಬರೆಯುವುದು, ಸಂಜೆ ಊರಿನ ಕಾಫಿ ಹೋಟೆಲಿನಲ್ಲಿ ಕುಳಿತು ಸಮುದ್ರವನ್ನು ವರ್ಣಿಸುವುದು.

ಅಂಥದ್ದೇ ಒಂದು ಸಂಜೆ, ನಮ್ಮಂಥವರನ್ನು ಇಂಗ್ಲಿಷಿನವರು ಏನೆಂದು ಕರೆಯುತ್ತಾರೆ ಗೊತ್ತೇ ಎಂದು ಕೇಳಿ, ‘ಫ್ರಾಗ್‌ಮನ್’ ಎಂದು ನಾನೇ ಹೇಳಿ, ಯಾರಿಗೂ ಅರ್ಥವಾಗದ್ದರಿಂದ ಅದನ್ನು ಕನ್ನಡಕ್ಕೆ ನಾನೇ ಅನುವಾದ ಮಾಡಿದೆ. ಅಂದಿನಿಂದ ನಾನು ಕಪ್ಪೆ ಕುಶಾಲಪ್ಪ. ಈಗಲೂ ಊರಿಗೆ ಹೋದರೆ ಹಳಬರು ಹಾಗೇ ಕರೆಯುತ್ತಾರೆ. ಕೂಗಿದರೆ ತಿರುಗಿ ನೋಡುತ್ತೇನೆ.

ಹೆಸರು ಬಂದ ಮೇಲೆ ಕೆಲಸವೂ ಬಂತು. ನಮ್ಮೂರಿನ ಕಡವಿನಲ್ಲಿ, ಅಂದರೆ ದೋಣಿ ದಾಟುವ ಜಾಗದಲ್ಲಿ, ಹೊಳೆ ಬೇಸಗೆಯಲ್ಲೂ ಮೂರಾಳು ಆಳ. ಅಲ್ಲಿ ಜನ ಏನಾದರೊಂದು ಬೀಳಿಸಿಕೊಳ್ಳುತ್ತಲೇ ಇದ್ದರು. ಕೊಡಪಾನ, ಕೊಡಲಿ, ಒಮ್ಮೆ ಒಂದು ಬಂದೂಕು. ನಾನು ಮುಳುಗಿ ತಂದುಕೊಡುತ್ತಿದ್ದೆ. ಸಿಲಿಂಡರ್ ಇಲ್ಲ, ಎದೆಯಲ್ಲಿ ಹಿಡಿಯುವಷ್ಟೇ ಗಾಳಿ. ಮೀನ ಮಾಸದ ಬಿಸಿಲಿಗೆ ಮೇಲಿನ ನೀರು ಕಾಯ್ದು ಬೆಚ್ಚಗಿರುತ್ತಿತ್ತು, ಆದ್ದರಿಂದ ಇಲ್ಲಿಯೂ ಚಡ್ಡಿಯೊಂದೇ. ಹಳೆಯ ಪ್ರಶ್ನೆ ಮತ್ತೆ ಎದ್ದಿತು.

ಹೊಲಿಗೆ ಮಿಷನ್ ಇದ್ದದ್ದು ದೊಡ್ಡವ್ವನ ಹತ್ತಿರ. ಅಪ್ಪ ಅವ್ವ ಇಲ್ಲದ ನನ್ನನ್ನು ಸಾಕಿದವರು ಅವರೇ. ನಾನು ಖಾಕಿ ಚಡ್ಡಿಯನ್ನೂ ದೊಡ್ಡಪ್ಪನ ಪಟ್ಟಾಳದ ಕ್ಯಾನ್‌ವಾಸ್ ಬೆಲ್ಟನ್ನೂ ಅವರ ಮುಂದಿಟ್ಟು, ಸುತ್ತ ಆರು ಕಿಸೆ ಬೇಕು ಎಂದೆ.

“ಎಂತ ಮಗಾ, ನೀರೊಳಗೆ ಅಂಗಡಿ ಉಟ್ಟಾ?” ಎಂದು ದೊಡ್ಡವ್ವ ನಮ್ಮ ಅರೆಭಾಷೆಯಲ್ಲಿ ಕೇಳಿದರು, ಅಂಗಡಿ ಇದೆಯೇ ಎಂದು.

“ಇಲ್ಲೆ ದೊಡ್ಡವ್ವ. ಚಾಕು ಇಡಿಕೆ, ದಾರ ಇಡಿಕೆ.”

“ಮತ್ತೆ ಉಳ್ದ ನಾಕ್?”

ಉಳಿದ ನಾಲ್ಕಕ್ಕೆ ನಾನು ಆಮೇಲೆ ಸಾಮಾನು ಹುಡುಕಿದೆ. ಸೈಕಲ್ ಟ್ಯೂಬಿನಲ್ಲಿ ಸುತ್ತಿ ಕಟ್ಟಿದ ಟಾರ್ಚು, ಮುಸುಕಿನ ಗಾಜು ಮಂಜಾಗದಂತೆ ಉಜ್ಜಲು ಹೊಗೆಸೊಪ್ಪು, ಸ್ಲೇಟು, ಕಡ್ಡಿ. ಕಿಸೆಗೆ ಹಿಡಿಸದ್ದನ್ನು ಬೆಲ್ಟಿನ ಕೊಂಡಿಗಳಿಗೆ ಕಟ್ಟಿದೆ. ನೂಲಿನ ಬಲೆಚೀಲ, ಉದ್ದ ಹಗ್ಗದ ತುದಿಗೆ ಕಬ್ಬಿಣದ ಕೊಕ್ಕೆ, ಕೊನೆಗೆ ಒಂದು ಸೀಟಿ. ನೀರಿನೊಳಗೆ ಸೀಟಿ ಊದಲು ಬರುವುದಿಲ್ಲ. ಆದರೆ ಕೊಂಡಿಯೊಂದು ಖಾಲಿ ಇತ್ತು. ಸ್ಲೇಟಿನಲ್ಲಿ ಬರೆದು ತೋರಿಸಲು ಹೊಳೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಒಮ್ಮೆ ತಳದಲ್ಲಿ ಕುಳಿತು ‘ಮೀನು’ ಎಂದು ಬರೆದು, ಮೇಲೆ ಬಂದು ನಾನೇ ಓದಿದೆ.

ಚಾಕು ಮೊದಲ ವಾರವೇ ಕಿಸೆಯಿಂದ ಜಾರಿ ಬಿತ್ತು. ದೊಡ್ಡವ್ವ ಆ ಕಿಸೆಯನ್ನು ಬೆನ್ನಿನ ಕಡೆಗೆ ಸರಿಸಿ, ಮೇಲೆ ಮುಚ್ಚಳ ಹೊಲಿದು, ಎರಡು ದಪ್ಪ ಗುಂಡಿ ಇಟ್ಟರು. ಬೆಲ್ಟು ಜಾರಬಾರದೆಂದು ಅದನ್ನು ಚಡ್ಡಿಗೆ ಸೇರಿಸಿ ಸುತ್ತಲೂ ಎರಡು ಸಾಲು ಹೊಲಿಗೆ ಹಾಕಿದರು. “ಇನ್ನ್ ಬೀಳಿಕೆ ಇಲ್ಲೆ. ಬಿದ್ದರೆ ಹುಡ್ಕಿಕೆ ಊರ್ಲಿ ಬೇರೆ ಕಪ್ಪೆ ಇಲ್ಲೆ,” ಎಂದರು.

ಕಡವಿನ ದೋಣಿಯವರು ಮೊಯ್ದು ಕಾಕ. ಮೂವತ್ತು ವರ್ಷ ಅದೇ ನೀರಿನಲ್ಲಿ ಅದೇ ಗಳು ಊರಿ ಅತ್ತಿತ್ತ ಹೋದವರು. ಮನೆಯಲ್ಲಿ ಮಲಯಾಳ, ಕಡವಿನಲ್ಲಿ ಎಲ್ಲ ಭಾಷೆ. ನಾನು ಮೊದಲ ಸಲ ಪೂರ್ತಿ ಸಜ್ಜಾಗಿ ದಡಕ್ಕೆ ಬಂದಾಗ ಅವರು ಬೀಡಿ ಕೆಳಗಿಟ್ಟು ನನ್ನ ಸುತ್ತ ಒಂದು ಪ್ರದಕ್ಷಿಣೆ ಬಂದರು.

“ಎಂತ ಕುಶಾಲಪ್ಪ, ನೀರಿಗೆ ಹೋಗುದಾ, ಸಂತೆಗೆ ಹೋಗುದಾ?”

ನಾನು ಮುಸುಕು ಸರಿಮಾಡಿಕೊಂಡೆ. ತರಬೇತಿ ಪಡೆದವನು ದೋಣಿಯವರ ಜೊತೆ ಚರ್ಚೆ ಮಾಡಬಾರದು. ಅದೇ ವಾರ, ನಿವೃತ್ತ ಹೆಡ್‌ಮಾಸ್ತರರೊಬ್ಬರು ದೋಣಿಯಲ್ಲಿ ಸೀನಿ, ಅವರ ಕಟ್ಟಿಸಿದ ಹಲ್ಲಿನ ಸೆಟ್ಟು ನೀರಿಗೆ ಹಾರಿತು. ನಾಲ್ಕು ಸಲ ಮುಳುಗಿ ಬಲೆಚೀಲದಲ್ಲಿ ತಂದುಕೊಟ್ಟೆ. ಅವರು ತೊಳೆದು, ಹಾಕಿ, ನಾಲಿಗೆಯಿಂದ ಅತ್ತಿತ್ತ ತಳ್ಳಿ ನೋಡಿ, “ಇದು ನನ್ನದಲ್ಲ,” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಆದರೂ ಇರಲಿ,” ಎಂದು ಹಾಕಿಕೊಂಡೇ ಹೋದರು. ಇದಾದ ಮೇಲೆ ನನ್ನ ಖ್ಯಾತಿ ಹೊಳೆಯ ಎರಡೂ ದಡಗಳಲ್ಲಿ ಹಬ್ಬಿತು.

ಹೀಗೆ ಖ್ಯಾತಿಯಲ್ಲಿದ್ದಾಗ ಬೋಜಮ್ಮನವರ ಪತ್ತಾಕ್ ನೀರಿಗೆ ಬಿತ್ತು.

ಬೋಜಮ್ಮನವರ ಮನೆ ಹೊಳೆಯ ಆಚೆ ದಡದಲ್ಲಿ. ಅವರ ಗಂಡ ಯುದ್ಧಕ್ಕೆ ಹೋದವರು ಬರಲಿಲ್ಲ. ಟೆಲಿಗ್ರಾಂ ಬರುವ ಮೊದಲು ಎಂಟು ತಿಂಗಳು ಆಕೆ ದಿನವೂ ಕಡವಿಗೆ ಬಂದು, ಸಂಜೆಯ ಕೊನೆಯ ದೋಣಿ ನೋಡಿ ಹಿಂದೆ ಹೋಗುತ್ತಿದ್ದರೆಂದು ಮೊಯ್ದು ಕಾಕ ಹೇಳಿದ್ದರು. ಒಬ್ಬಳೇ ಮಗಳು ಮುತ್ತಮ್ಮ. ಅವಳಿಗೆ ಮದುವೆ ಗೊತ್ತಾಗಿ ಇನ್ನು ನಾಲ್ಕೇ ದಿನ ಇತ್ತು. ಕೊಡವರ ಮದುವೆಯಲ್ಲಿ ಮದುಮಗಳ ಕೊರಳಿಗೆ ಪತ್ತಾಕ್ ಕಟ್ಟುವವಳು ಅವಳ ತಾಯಿ. ರೂಪಾಯಿಯಗಲದ ಚಿನ್ನದ ಪದಕ, ಸುತ್ತ ಕೆಂಪು ಕಲ್ಲು, ಮೇಲೆ ಹೆಡೆಯೆತ್ತಿದ ನಾಗ. ಬೋಜಮ್ಮನವರಿಗೆ ಅದನ್ನು ಕಟ್ಟಿದ್ದು ಅವರ ತಾಯಿ. ಗಂಡ ಹೋದ ಮೇಲೆ ಬಿಚ್ಚಿಟ್ಟದ್ದನ್ನು ಮಗಳಿಗಾಗಿ ಹೊರತೆಗೆದು, ಕಲ್ಲು ಬಿಗಿ ಮಾಡಿಸಲು ಪದಕವನ್ನು ಮಾತ್ರ ಅಕ್ಕಸಾಲಿಗನ ಹತ್ತಿರ ಕೊಟ್ಟು, ಅಂದು ಬಿಡಿಸಿಕೊಂಡು ಬರುತ್ತಿದ್ದರು. ದೋಣಿ ಹೊಳೆಯ ನಡುವಿಗೆ ಬಂದಾಗ, ಅಭ್ಯಾಸದಂತೆ ಬಾಗಿ ಕಾವೇರಿಯ ನೀರನ್ನು ಕಣ್ಣಿಗೊತ್ತಿಕೊಂಡರು. ಸೊಂಟದಲ್ಲಿ ಸಿಕ್ಕಿಸಿದ್ದ ಗಂಟು ಜಾರಿತು.

ಎಸ್ಟೇಟಿಗೆ ಆಳು ಬಂತು. ನಾನು ಹಾಜರಿ ಪುಸ್ತಕವನ್ನು ಮುಚ್ಚಿ, ಮನೆಗೆ ಓಡಿ, ಚಡ್ಡಿ ತೊಟ್ಟು, ಸಾಮಾನನ್ನೆಲ್ಲ ಸಿಕ್ಕಿಸಿಕೊಂಡು ಕಡವಿಗೆ ಬಂದೆ. ದಡದಲ್ಲಿ ಬೋಜಮ್ಮನವರು ಒಂದು ಕಲ್ಲಿನ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಮುತ್ತಮ್ಮ, ನೆರೆಮನೆಯ ಇಬ್ಬರು ಹೆಂಗಸರು. ಸ್ವಲ್ಪ ದೂರದಲ್ಲಿ ಕೊಡೆಯನ್ನು ಬಂದೂಕಿನಂತೆ ಹಿಡಿದು ನಿಂತವರು ಪೂವಯ್ಯನವರು. ಅವರು ಬೋಜಮ್ಮನವರ ಗಂಡನ ಅಣ್ಣ, ಪಟ್ಟಾಳದಲ್ಲಿ ಜಮೇದಾರರಾಗಿದ್ದವರು, ಮದುವೆಯ ಯಜಮಾನಿಕೆ ಅವರದು.

“ಇನ್ನೊಂದು ಮಾಡಿಸುವ ಬೋಜಮ್ಮ,” ಎನ್ನುತ್ತಿದ್ದರು ಪೂವಯ್ಯನವರು. “ಕಾವೇರಮ್ಮೆ ತೆಗೆದುಕೊಂಡದ್ದನ್ನು ತಿರುಗಿ ಕೇಳುವುದು ಸರಿಯಲ್ಲ. ಹೇಗೂ ಕಟ್ಟುವುದು ನನ್ನ ಹೆಂಡತಿ.”

“ಅದಕ್ಕೇ ಭಾವ,” ಎಂದರು ಬೋಜಮ್ಮನವರು. ಮೆಲ್ಲಗೆ ಹೇಳಿದರು, ಆದರೆ ನನ್ನ ಒಂದೇ ಕಿವಿಗೂ ಕೇಳಿಸಿತು. “ಗಂಡ ಇಲ್ಲದವಳ ಕೈ ಆಗುವುದಿಲ್ಲ ಅಂದಿರಿ, ಒಪ್ಪಿದೆ. ಕೈ ನನ್ನದಲ್ಲದಿದ್ದರೆ ವಸ್ತುವಾದರೂ ನನ್ನದಿರಲಿ ಅಂತಿದ್ದೆ.”

ಪೂವಯ್ಯನವರು ಹೊಳೆಯ ಕಡೆ ನೋಡಿದರು. ಅವರು ಕೆಟ್ಟವರಲ್ಲ. ನಿಯಮ ಇದ್ದರೆ ಪಾಲಿಸಬೇಕು ಎಂದು ಮೂವತ್ತು ವರ್ಷ ಕಲಿತವರು.

ಮೊಯ್ದು ಕಾಕ ನನ್ನನ್ನು ದೋಣಿಯಲ್ಲಿ ನಡುಹೊಳೆಗೆ ಒಯ್ದು ಗಳು ಊರಿ ನಿಲ್ಲಿಸಿದರು. “ಇಲ್ಲೇ ಬಿದ್ದದ್ದು. ಆದರೆ ಮೋನೇ...” ಎಂದು, ಮಗನೇ ಎಂಬುದನ್ನು ಮಲಯಾಳದಲ್ಲಿ ಹೇಳಿ, ಇನ್ನೇನೋ ಹೇಳಹೊರಟರು. ನಾನು ಕೈಯೆತ್ತಿ ತಡೆದೆ. ಎಲ್ಲಿ ಬಿತ್ತೋ ಅಲ್ಲಿಂದ ಸುತ್ತು ಹಾಕುತ್ತ ಹುಡುಕಬೇಕೆಂದು ಕೊಚ್ಚಿಯಲ್ಲಿ ಕಲಿಸಿದ್ದರು. ಮುಸುಕಿಗೆ ಹೊಗೆಸೊಪ್ಪು ಉಜ್ಜಿ, ಎಲ್ಲ ಕಿಸೆಗಳನ್ನು ತಟ್ಟಿ ನೋಡಿ, ಧುಮುಕಿದೆ.

ಮೊದಲ ಮುಳುಗಿನಲ್ಲಿ ಸಿಕ್ಕಿದ್ದು ಒಂದು ಲೋಟ. ಎರಡನೆಯದರಲ್ಲಿ ಏನೂ ಇಲ್ಲ. ಮೂರನೆಯ ಸಲ, ಸುತ್ತು ದೊಡ್ಡದಾಗಿ ದೋಣಿಯೂ ನನ್ನ ಹಿಂದೆ ದಡದತ್ತ ಸರಿದಿದ್ದಾಗ, ಬಿದಿರು ಮೆಳೆಯ ಬೇರುಗಳು ನೀರಿನೊಳಗೆ ಇಳಿದು ಹೆಣೆದುಕೊಂಡಿದ್ದ ಕಡೆ ಏನೋ ಕೆಂಪಗೆ ಕಂಡಿತು. ಬೇರಿನ ನಡುವೆ ತಲೆ ತೂರಿಸಿ ಕೈ ಚಾಚಿದೆ. ಅದು ಯಾರದೋ ಹಳೆಯ ಕೊಡೆಯ ಹಿಡಿ. ಹಿಂದಕ್ಕೆ ಸರಿಯೋಣವೆಂದರೆ ಆಗಲಿಲ್ಲ. ಬೆಲ್ಟಿಗೆ ಕಟ್ಟಿದ ಕೊಕ್ಕೆ ಒಂದು ಬೇರನ್ನು ಹಿಡಿದಿತ್ತು. ತಿರುಗಿದೆ. ಬಲೆಚೀಲ ಇನ್ನೊಂದನ್ನು ಹಿಡಿಯಿತು. ಮತ್ತೆ ತಿರುಗಿದೆ. ಸೀಟಿಯ ದಾರ, ಟಾರ್ಚಿನ ದಾರ, ಒಂದೊಂದೂ ತನಗೊಂದು ಬೇರು ಹುಡುಕಿಕೊಂಡಿತು.

ಚಾಕು ಇತ್ತು. ಬೆನ್ನ ಹಿಂದೆ, ಮುಚ್ಚಳದ ಕೆಳಗೆ, ಎರಡು ದಪ್ಪ ಗುಂಡಿಗಳ ಒಳಗೆ, ಬಹಳ ಸುರಕ್ಷಿತವಾಗಿ ಇತ್ತು. ಒಂದು ಗುಂಡಿ ಬಿಚ್ಚಿದೆ. ಇನ್ನೊಂದು ಬಿಚ್ಚಲಿಲ್ಲ.

ಸಾಯುವ ಹೊತ್ತಿನಲ್ಲಿ ದೊಡ್ಡ ವಿಚಾರಗಳು ಬರುತ್ತವೆ ಎನ್ನುತ್ತಾರೆ. ನನಗೆ ಬಂದದ್ದು ಗುಂಡಿ ಹೊಲಿಯುವಾಗ ದೊಡ್ಡವ್ವ ದಾರವನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದದ್ದು. ಎದೆಯೊಳಗೆ ಯಾರೋ ಒದೆಯುತ್ತಿದ್ದಂತಿತ್ತು. ಮೇಲೆ ದೋಣಿಯ ಅಡಿ ಕರ್‍ರಗೆ ಕಾಣುತ್ತಿತ್ತು, ಎರಡಾಳು ದೂರದಲ್ಲಿ, ಕೊಚ್ಚಿಯಷ್ಟು ದೂರದಲ್ಲಿ. ಬಕಲ್ ಬಿಚ್ಚಿದೆ. ಬೆಲ್ಟು ಬರಲಿಲ್ಲ, ಅದು ಚಡ್ಡಿಗೆ ಸೇರಿತ್ತು. ಚಡ್ಡಿಯನ್ನೇ ಕೆಳಗೆ ತಳ್ಳಿದೆ. ರಬ್ಬರ್ ಪಾದಕ್ಕೆ ಬಂದು ನಿಂತಿತು. ಪಾದಗಳನ್ನು ಒದ್ದು ಕಳಚಿದೆ. ಆಮೇಲೆ ನನ್ನನ್ನು ಹಿಡಿಯಲು ಅಲ್ಲಿ ಏನೂ ಉಳಿದಿರಲಿಲ್ಲ.

ಮೇಲೆ ಬಂದು ದೋಣಿಯ ಅಂಚು ಹಿಡಿದು ಕೆಮ್ಮಿದೆ. ನೀರು ತಿಳಿಯಾಗಿತ್ತು. ದಡದ ಹೆಂಗಸರು ಒಟ್ಟಿಗೇ ಬೆನ್ನು ತಿರುಗಿಸಿದರು. ಪೂವಯ್ಯನವರು ಮಾತ್ರ ತಿರುಗಲಿಲ್ಲ, ಪಟ್ಟಾಳದಲ್ಲಿ ಎಲ್ಲ ನೋಡಿದವರು.

“ಪಡಚ್ಚೋನೇ!” ಎಂದರು ಮೊಯ್ದು ಕಾಕ, ದೇವರನ್ನು ಕರೆದು. “ಅಂಗಡಿ ಎಲ್ಲಿ ಮೋನೇ?”

“ಕೆಳಗೆ ಉಂಟು.”

“ಅಲ್ಲೇ ಇರಲಿ. ಇನ್ನು ವ್ಯಾಪಾರ ಬೇಡ.”

ಅವರು ಹೆಗಲ ಮೇಲಿನ ತೋರ್ತನ್ನು ನನ್ನತ್ತ ಎಸೆದರು. ತೆಳ್ಳಗಿನ ಆ ಬಟ್ಟೆಯನ್ನು ನೀರಿನೊಳಗೇ ಲಂಗೋಟಿಯಂತೆ ಬಿಗಿದೆ. 

“ಸಾಕು, ಮೇಲೆ ಬಾ ಕುಶಾಲಪ್ಪ,” ಎಂದು ಬೋಜಮ್ಮನವರು ಬೆನ್ನು ತಿರುಗಿಸಿಯೇ ಕೂಗಿದರು. “ಬೇಡ ಇದು.”

ಆಗ ಮೇಲೆ ಹೋಗಬಹುದಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಹಾಗೆ ಹೋದರೆ, ಆಕೆಯ ವಸ್ತು ಹೋದದ್ದು ಹೊಳೆಯಿಂದಲ್ಲ, ನನ್ನಿಂದ ಎಂದು ನನಗನ್ನಿಸಿತು. ಹಲ್ಲಿನ ಸೆಟ್ಟು ಹುಡುಕುವಾಗ ಇಲ್ಲದ ಭಯ ಈಗ ಇತ್ತು. ಭಯ ಇದ್ದದ್ದರಿಂದಲೇ ಇರಬೇಕು, ಕೇಳಬೇಕಾದದ್ದನ್ನು ಕೊನೆಗೂ ಕೇಳಿದೆ.

“ಕಾಕ, ಆಗ ಎಂತದೋ ಹೇಳ್ತಿದ್ದಿರಲ್ಲ?”

ಕಾಕ ಗಳುವನ್ನು ಎತ್ತಿ ಹೊಳೆಯ ಕೆಳಗಡೆ ತೋರಿಸಿದರು. “ಇಲ್ಲಿ ಬಿದ್ದದ್ದು ಇಲ್ಲಿ ಇರುದಿಲ್ಲ ಮೋನೇ. ನನ್ನ ಕೈಯಿಂದ ಎಷ್ಟು ಬಿದ್ದಿಲ್ಲ? ಅಲ್ಲಿ, ಆ ಆನೆಬೆನ್ನಿನ ಹಾಗೆ ಇರುವ ಬಂಡೆ ಉಂಟಲ್ಲ, ಅದರ ಹಿಂದೆ ನೀರು ಹಿಂತಿರುಗ್ತದೆ. ಭಾರದ್ದೆಲ್ಲ ಅಲ್ಲಿಗೆ ಹೋಗಿ ಕೂರುದು. ನನ್ನ ಬೀವಿಯ ಅಲಿಕತ್ತು ಅಲ್ಲೇ ಸಿಕ್ಕಿದ್ದು, ಹೋದ ಬೇಸಗೆಯಲ್ಲಿ.”

ಅಲಿಕತ್ತು ಎಂದರೆ ಅವರ ಹೆಂಗಸರು ಕಿವಿಯಂಚಿಗೆ ಇಟ್ಟುಕೊಳ್ಳುವ ಸಣ್ಣ ಓಲೆ. ಪತ್ತಾಕಿಗಿಂತ ಚಿಕ್ಕದು. ಮೂವತ್ತು ವರ್ಷದ ಈ ಪಾಠವನ್ನು ನಾನು ಕೈಯೆತ್ತಿ ತಡೆದಿದ್ದೆ.

ಬಂಡೆಯ ಹತ್ತಿರ ದೋಣಿ ನಿಂತಿತು. ಕಾಕ ಚಾಕು ಕೊಡಲು ಬಂದರು. ಎಲ್ಲಿಡಲಿ ಎಂದು ನೋಡಿಕೊಂಡೆ. ಜಾಗವಿರಲಿಲ್ಲ. “ಬೇಡ ಕಾಕ,” ಎಂದೆ. ಮುಖದ ಮುಸುಕೊಂದು ಹೇಗೋ ಉಳಿದಿತ್ತು. ಅದನ್ನು ಸರಿಮಾಡಿಕೊಂಡು, ಎರಡು ಖಾಲಿ ಕೈಗಳೊಂದಿಗೆ ಇಳಿದೆ.

ಹೊಳೆಯ ತಳ ಅಷ್ಟು ನಿಶ್ಶಬ್ದವಾಗಿದೆಯೆಂದು ಅದುವರೆಗೆ ನನಗೆ ಗೊತ್ತಿರಲಿಲ್ಲ. ಇಷ್ಟು ದಿನ ನನ್ನ ಸಾಮಾನುಗಳೇ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಬಂಡೆಯ ಹಿಂದೆ ನೀರು ಮೆಲ್ಲಗೆ ಸುತ್ತುತ್ತಿತ್ತು. ತಳದಲ್ಲಿ ನುಣ್ಣನೆಯ ಕಲ್ಲುಗಳು, ಅವುಗಳ ಮೇಲೆ ಮರಳಿನ ತೆಳುಪದರ. ಕಲಕದಂತೆ ಬೆರಳ ತುದಿಯಿಂದ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ನೋಡಿದೆ. ಉಸಿರು ಮುಗಿದಾಗ ಮೇಲೆ ಬಂದು ಗಾಳಿ ತೆಗೆದುಕೊಂಡು ಮತ್ತೆ ಹೋದೆ. ನಾಲ್ಕು ಸಲ. ಐದನೆಯ ಸಲ ಎರಡು ಕಲ್ಲುಗಳ ನಡುವೆ ಬಟ್ಟೆಯ ಗಂಟು ಬಿಚ್ಚಿಕೊಂಡು ಕುಳಿತಿತ್ತು. ಅದರ ಪಕ್ಕದಲ್ಲಿ ಮರಳಿನಿಂದ ಪುಟ್ಟ ನಾಗ ಹೆಡೆಯೆತ್ತಿ ನನ್ನನ್ನೇ ನೋಡುತ್ತಿತ್ತು.

ಎತ್ತಿಕೊಂಡೆ. ಎಲ್ಲಿಡುವುದು? ಮುಷ್ಟಿಯಲ್ಲಿ ಹಿಡಿದು ಈಜಿದರೆ ಬೆರಳ ಸಂದಿನಿಂದ ಜಾರಬಹುದು. ತೋರ್ತಿನ ಮಡಿಕೆಯ ಮೇಲೆ ನನಗೇ ನಂಬಿಕೆ ಇರಲಿಲ್ಲ. 

ಬಾಯಿಯಲ್ಲಿ ಹಾಕಿಕೊಂಡೆ.

ಮೇಲೆ ಬಂದಾಗ ಎಲ್ಲರೂ ನೀರಿನಂಚಿಗೆ ಬಂದು ನಿಂತಿದ್ದರು. ಸೊಂಟದಷ್ಟು ನೀರಿನವರೆಗೆ ನಡೆದು ಬಂದೆ.

“ಸಿಕ್ಕಿತಾ?” ಎಂದಳು ಮುತ್ತಮ್ಮ.

ಬಾಯಿ ತೆರೆದರೆ ಬೀಳುತ್ತದೆಂದು ತುಟಿ ಬಿಗಿಹಿಡಿದಿದ್ದೆ. ಅದೇ ಹೊತ್ತಿಗೆ ಎಡಗಿವಿಯೊಳಗೆ ನೀರು ಗುಳುಗುಳು ಎಂದಿತು. ಅದನ್ನು ಚೆಲ್ಲಲು ತಲೆಯನ್ನು ಜೋರಾಗಿ ಅತ್ತಿತ್ತ ಅಲ್ಲಾಡಿಸಿದೆ. ನನಗೆ ಅದು ಕಿವಿಯ ವಿಷಯ. ದಡದಲ್ಲಿದ್ದವರಿಗೆ ಅದು ಉತ್ತರ.

ಮುತ್ತಮ್ಮ ಮುಖ ಮುಚ್ಚಿಕೊಂಡಳು. ಬೋಜಮ್ಮನವರು ಅಳಲಿಲ್ಲ. ನೀರಿಗೇ ಇಳಿದು ಬಂದು, ತಲೆಯ ವಸ್ತ್ರವನ್ನು ಬಿಚ್ಚಿ ನನ್ನ ಹೆಗಲಿಗೆ ಹೊದಿಸಿದರು.

“ಹೋಗಲಿ ಬಿಡು ಕುಶಾಲಪ್ಪ,” ಎಂದರು. “ಹೋದವರು ಬರುತ್ತಾರಾ ಅಂತ ಈ ಕಡವಿನಲ್ಲಿ ಕಾದದ್ದು ನನಗೆ ಒಂದು ಸಾರಿಯೇ ಸಾಕು. ನೀನು ಮೇಲೆ ಬಂದೆಯಲ್ಲ.”

ನಾನು ಬಾಯಿಂದ ಪತ್ತಾಕ್ ತೆಗೆದು ಅವರ ಅಂಗೈ ಮೇಲಿಟ್ಟೆ. ಅಂಥ ಗಳಿಗೆಗೆ ತಕ್ಕ ಮಾತನ್ನು ಹೇಳಬೇಕೆನ್ನಿಸಿತು. ಕೆಮ್ಮು ಬಂತು.

ಬೋಜಮ್ಮನವರು ಅದನ್ನು ನೋಡುತ್ತ ನಿಂತುಬಿಟ್ಟರು. ಎಲ್ಲರೂ ಒಟ್ಟಿಗೆ ಮಾತನಾಡತೊಡಗಿದರು. ಮೊದಲು ಸ್ಥಿಮಿತಕ್ಕೆ ಬಂದವರು ಪೂವಯ್ಯನವರು. ನಿಯಮ ಗೊತ್ತಿರುವವರಿಗೆ ಸಂತೋಷದಲ್ಲೂ ಬಿಡುವಿಲ್ಲ.

“ಸಿಕ್ಕಿದ್ದು ಒಳ್ಳೆಯದಾಯ್ತು. ಆದರೆ ಎಂಜಲಾಯ್ತಲ್ಲ,” ಎಂದರು. “ಮದುಮಗಳ ಕೊರಳಿಗೆ ಹೋಗುವ ವಸ್ತು. ಇವನ ಬಾಯಲ್ಲಿತ್ತು.”

ನಾನು ಬೆಳಗ್ಗೆ ಹಲ್ಲುಜ್ಜಿದ್ದೆ. ಆದರೆ ಅದನ್ನು ಹೇಳುವ ಸಂದರ್ಭ ಅದಲ್ಲ ಎನ್ನಿಸಿತು. ನೆರೆಮನೆಯ ಹೆಂಗಸರಲ್ಲಿ ಒಬ್ಬರು ಹೌದು ಎಂದರು, ಇನ್ನೊಬ್ಬರು ಚಿನ್ನಕ್ಕೆ ಎಂಜಲಿಲ್ಲ ಎಂದರು. ಮೊಯ್ದು ಕಾಕ ತನಗೆ ಸಂಬಂಧವಿಲ್ಲದ ವಿಷಯವೆಂದು ಬೀಡಿ ಹಚ್ಚಿದರು. ಪೂವಯ್ಯನವರು ಯೋಚಿಸಿ ಕೊನೆಗೆ ತೀರ್ಪು ಕೊಟ್ಟರು.

“ಕಾವೇರಿಯಲ್ಲಿ ಮೂರು ಸಾರಿ ಅದ್ದಿ ತೆಗೆಯಿರಿ. ಆಗ ದೋಷವಿಲ್ಲ.”

ಬೋಜಮ್ಮನವರು ಬಾಗಿ ಪತ್ತಾಕನ್ನು ಮೂರು ಸಾರಿ ಅದ್ದಿದರು.

“ದೊಡ್ಡಪ್ಪ,” ಎಂದಳು ಮುತ್ತಮ್ಮ. ಆ ಹುಡುಗಿ ಅದುವರೆಗೆ ಹೆಚ್ಚು ಮಾತಾಡಿರಲಿಲ್ಲ. “ಮೂರು ಸಾರಿ ಅದ್ದಿದರೆ ಯಾವ ದೋಷವೂ ಇರುವುದಿಲ್ಲವಾ?”

“ಇಲ್ಲ ಮಗಳೇ. ಕಾವೇರಮ್ಮೆ ಅಲ್ಲವಾ.”

“ಯಾವುದೂ ಇಲ್ಲ?”

“ಯಾವುದೂ ಇಲ್ಲ,” ಎಂದರು ಪೂವಯ್ಯನವರು, ಅನುಮಾನ ಬಂದವರಿಗೆ ಹೇಳುವಂತೆ ಸ್ವಲ್ಪ ಗಟ್ಟಿಯಾಗಿಯೇ.

ಮುತ್ತಮ್ಮ ಸೀರೆಯ ನೆರಿಗೆ ಎತ್ತಿ ನೀರಿಗಿಳಿದಳು. ತಾಯಿಯ ಕೈಯಿಂದ ಪತ್ತಾಕ್ ತೆಗೆದು ತನ್ನ ಮುಷ್ಟಿಯಲ್ಲಿಟ್ಟುಕೊಂಡು, ಇನ್ನೊಂದು ಕೈಯಿಂದ ತಾಯಿಯ ಎರಡೂ ಮಣಿಕಟ್ಟುಗಳನ್ನು ಒಟ್ಟಿಗೆ ಹಿಡಿದಳು. ಬೋಜಮ್ಮನವರಿಗೆ ಏನಾಗುತ್ತಿದೆಯೆಂದು ತಿಳಿಯುವ ಮೊದಲೇ ಆ ಕೈಗಳನ್ನು ನೀರಿಗೆ ಅದ್ದಿದಳು. ಒಂದು. ಎರಡು. ಮೂರು.

“ಹಾಗಾದರೆ ಇದಕ್ಕೂ ದೋಷವಿಲ್ಲ,” ಎಂದಳು. “ಪತ್ತಾಕ್ ನನ್ನ ಅವ್ವನೇ ಕಟ್ಟಲಿ. ಇಲ್ಲದಿದ್ದರೆ ಇದನ್ನು ಇಲ್ಲೇ ಬಿಡುತ್ತೇನೆ. ಕುಶಾಲಪ್ಪಣ್ಣನಿಗೆ ಇವತ್ತು ಇನ್ನೊಂದು ಸಾರಿ ಮುಳುಗುವ ಶಕ್ತಿ ಇಲ್ಲ, ನೋಡಿ.”

ಶಕ್ತಿ ಇರಲಿಲ್ಲ ಎಂಬುದು ನಿಜ.  ಬೋಜಮ್ಮನವರು ನೀರು ತೊಟ್ಟಿಕ್ಕುವ ಕೈಗಳನ್ನು ಎದೆಯ ಮುಂದೆ ಹಾಗೇ ಹಿಡಿದು, ಅವು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದರು. ಪೂವಯ್ಯನವರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ಕೆಮ್ಮಿದರು. ಮೀಸೆಯನ್ನು ಒರೆಸಿಕೊಂಡರು. ಅವರ ತಮ್ಮನ ಹೆಣವನ್ನೂ ಯಾರೂ ತಂದುಕೊಟ್ಟಿರಲಿಲ್ಲ ಎಂಬುದು ನನಗೆ ಆಗ ನೆನಪಾಯಿತು.

“ಜಮೇದಾರ್ ಬಾಯಿಂದ ಆರ್ಡರ್ ಬಂದಾಯ್ತಲ್ಲ,” ಎಂದು ಮೊಯ್ದು ಕಾಕ ದೋಣಿಯಲ್ಲಿ ಕುಳಿತೇ ಹೇಳಿದರು, ಯಾರನ್ನೂ ನೋಡದೆ.

“ಬಂದಾಯ್ತು,” ಎಂದರು ಪೂವಯ್ಯನವರು. “ಇನ್ನು ಬದಲಿಸಲಿಕ್ಕೆ ಆಗುವುದಿಲ್ಲ.” ಹಾಗೆಂದು ತಿರುಗಿ, ಬೆನ್ನು ನೆಟ್ಟಗೆ ಮಾಡಿ, ಮನೆಯ ದಾರಿ ಹಿಡಿದರು.

ಮದುವೆಗೆ ಕಾಕನೂ ನಾನೂ ಒಟ್ಟಿಗೆ ಹೋದೆವು. ದೊಡ್ಡವ್ವ ಮಾತ್ರ ಬರಲಿಲ್ಲ. ಎರಡು ಸಾಲು ಹೊಲಿಗೆ ಹಾಕಿದ ಚಡ್ಡಿಯನ್ನು ನಾನು ಹೊಳೆಯ ತಳದಲ್ಲಿ ಬಿಟ್ಟು ಬಂದದ್ದಕ್ಕೆ ಸಿಟ್ಟು ಎಂದು ಎಲ್ಲರಿಗೂ ಹೇಳಿದರು. ಆದರೆ ಹಿಂದಿನ ದಿನ ಅಡುಗೆಮನೆಯಲ್ಲಿ ನನ್ನ ತಲೆಗೆ ಎಣ್ಣೆ ಹಚ್ಚುತ್ತ, ಮಾತಿನ ನಡುವೆ ಕೈ ನಿಲ್ಲಿಸಿ, ತುಂಬ ಹೊತ್ತು ತಲೆಯನ್ನು ಹಿಡಿದುಕೊಂಡೇ ಕುಳಿತಿದ್ದರು. ಅವರಿಗೆ ಆ ಗುಂಡಿಯ ವಿಷಯವನ್ನು ನಾನು ಹೇಳಿರಲಿಲ್ಲ. ಕಾಕನಿಗೆ ಮಾತ್ರ ಹೇಳಿದ್ದೆ.

ಮುತ್ತಮ್ಮ ಕೆಂಪು ಸೀರೆಯುಟ್ಟು ಮುಕ್ಕಾಲಿಯ ಮೇಲೆ ಕುಳಿತಿದ್ದಳು. ಪೂವಯ್ಯನವರ ಹೆಂಡತಿ ತಟ್ಟೆ ಹಿಡಿದು ಪಕ್ಕಕ್ಕೆ ಸರಿದು ನಿಂತರು. ಬೋಜಮ್ಮನವರು ಗೋಡೆಯ ಕಡೆಯಿಂದ ಮುಂದೆ ಬಂದು ಮಗಳ ಹಿಂದೆ ನಿಂತು, ಸರವನ್ನು ಅವಳ ಕೊರಳ ಸುತ್ತ ತಂದರು. ಕೊಂಡಿ ತುಂಬ ಚಿಕ್ಕದು.  ಒಮ್ಮೆ ತಪ್ಪಿತು. ಇನ್ನೊಮ್ಮೆ ತಪ್ಪಿತು. ಓಲಗದವರು ಊದುವುದನ್ನು ನಿಲ್ಲಿಸಿದರು. ಚಾವಡಿಯಲ್ಲಿ ನೂರು ಜನರಿದ್ದರು. ಅಷ್ಟು ಜನರಲ್ಲಿ ಒಬ್ಬರೂ ಸಹಾಯಕ್ಕೆಂದು ಕೈ ಮುಂದೆ ಮಾಡಲಿಲ್ಲ. ಎಷ್ಟು ಹೊತ್ತಾದರೂ ಆಗಲಿ ಎಂದು ಎಲ್ಲರೂ ಕಾದೆವು.